ಸಂಕ್ರಾಂತಿಯ ದಿನ ಮುಂಚೆಯೇ ಬಂದ ದನಿ

1986ರಲ್ಲಿ, ಒಂಬತ್ತನೆಯ ಇಯತ್ತೆಯ ಅರ್ಧಕ್ಕೆ, ಗದಗಿನಲ್ಲಿ ನನ್ನ ಓದು ನಿಂತಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹಾಡು, ರೆಕಾರ್ಡು ಅಂತ ನಾನು ಬರೆಯಲು ಕೂತರೆ, ಲೇತ್ ಓಡಿಸುವವನಿಗೆ ಅದೆಲ್ಲ ಏನು ಗೊತ್ತು ಎನ್ನುವವರು ಇದ್ದೇ ಇರುತ್ತಾರೆ. ನಿಜ, ಸಿನಿಮಾ ಹಾಡುಗಳ ಚರಿತ್ರೆಯಲ್ಲಿ ನನಗೆ ಗೊತ್ತಿರುವುದು ಒಂದೇ ಒಂದು ದಿನ. ಜನವರಿ ಹದಿನಾಲ್ಕು. ಆದರೆ ಆ ದಿನದ ಬಗ್ಗೆ ಯಾವ ಪುಸ್ತಕದಲ್ಲೂ ಇಲ್ಲದ ಸಂಗತಿ ನನ್ನ ಹತ್ತಿರ ಇದೆ.

ಹೋದ ವಾರ ನಮ್ಮ ಶೆಡ್ಡಿನಲ್ಲಿ ಕೆಲಸಗಾರನೊಬ್ಬ ರಬ್ಬರ್ ರೋಲರನ್ನು ಲೇತಿಗೆ ಕಟ್ಟಿ ಎಮರಿ ಪೇಪರ್ ಹಿಡಿದಿದ್ದ. ಬಿಸಿಯಾದ ರಬ್ಬರಿನ ಆ ಕಮಟು ವಾಸನೆ ಮೂಗಿಗೆ ಬಂತು. ಹೊರಗೆ ಚಹಾ ಕುಡಿಯುತ್ತಿದ್ದವನು ಲೋಟ ಹಿಡಿದುಕೊಂಡೇ ಒಳಗೆ ಬಂದು ನಿಂತುಬಿಟ್ಟೆ. ನಮ್ಮ ಕಾಕಾ ನೆನಪಾದರು.

ಕಾಕಾ ಅಂದರೆ ಸಂಬಂಧದಲ್ಲಿ ಏನೂ ಅಲ್ಲ. ಲೇತ್ ಕೆಲಸಕ್ಕೆಂದು ಗುಜರಾತಿಗೆ ಬಂದ ನಾನು, ಮದುವೆಯಾದ ಹೊಸದರಲ್ಲಿ ಬರೋಡಾದ ಮಕರಪುರದಲ್ಲಿ ಬಾಡಿಗೆಗಿದ್ದ ಹೌಸಿಂಗ್ ಸೊಸೈಟಿಯಲ್ಲಿ, ಕೆಳಗಿನ ಮನೆಯವರು. ಧಾರವಾಡದ ಕಡೆಯವರು. ರೈಲ್ವೆಯಲ್ಲಿ ಫೋರ್‌ಮನ್ ಆಗಿ ವರ್ಗವಾಗಿ ಬಂದವರು, ನಿವೃತ್ತಿಗೆ ಹತ್ತಿರವಾಗಿದ್ದರು. ಚಿಕ್ಕಪ್ಪನಿಗೆ ನಾವೂ ಕಾಕಾ ಅನ್ನುತ್ತೇವೆ, ಗುಜರಾತಿಗಳೂ ಕಾಕಾ ಅನ್ನುತ್ತಾರೆ. ಹಾಗಾಗಿ ಇಡೀ ಸೊಸೈಟಿಗೆ ಅವರು ಕಾಕಾ, ಅವರ ಹೆಂಡತಿ ಕಾಕು.

ಬೆಳಿಗ್ಗೆ ಅವರ ರೇಡಿಯೋದಲ್ಲಿ ಹಿಂದಿ ಹಾಡಿನ ಕಾರ್ಯಕ್ರಮ ಬರುತ್ತಿತ್ತು. ಇಂದು ಈ ಗಾಯಕರು ಹುಟ್ಟಿದ ದಿನ, ಇಂದು ಆ ಸಂಗೀತಗಾರರು ತೀರಿಕೊಂಡ ದಿನ, ಅಂತ ಹೇಳಿ ಒಂದೊಂದು ಹಾಡು ಹಾಕುತ್ತಿದ್ದರು. ಕಾಕಾ ಗಡ್ಡ ಹೆರೆಯುತ್ತ, ನೊರೆ ಮೆತ್ತಿದ ಮುಖದಲ್ಲೇ ರೇಡಿಯೋಗೆ ಉತ್ತರ ಕೊಡುತ್ತಿದ್ದರು: "ಆತಪಾ, ಎಲ್ಲಾರದೂ ಹೇಳು. ಜನವರಿ ಹದಿನಾಲ್ಕಕ್ಕ ಏನಾತು ಅದನ್ನಷ್ಟ ಹೇಳಬ್ಯಾಡ."

ಏನಾಗಿತ್ತು ಅಂದರೆ... ಕಾಕಾ ಇಪ್ಪತ್ತರ ಹರೆಯದಲ್ಲಿ ಮದರಾಸಿನಲ್ಲಿ ರೈಲ್ವೆ ಅಪ್ರೆಂಟಿಸ್ ಆಗಿದ್ದರು. ಅವರ ರೂಮಿನಲ್ಲಿದ್ದವನೊಬ್ಬ ಬಿಡುವಿನಲ್ಲಿ ಸಿನಿಮಾ ಸ್ಟುಡಿಯೋಗಳಿಗೆ ಹೋಗಿ ಪಿಟೀಲು ಬಾರಿಸುತ್ತಿದ್ದ. ಆ ವರ್ಷ ಸಂಕ್ರಾಂತಿಯ ದಿನ ಒಂದು ಕನ್ನಡ ಹಾಡಿನ ರೆಕಾರ್ಡಿಂಗ್ ಇತ್ತು. ಪೊಂಗಲ್ ಅಂತ ಕೋರಸ್ಸಿನವರೆಲ್ಲ ಊರಿಗೆ ಹೋಗಿದ್ದರು. ಕನ್ನಡ ಬರುವ ಯಾರಾದರೂ ಸರಿ, ಗಂಟಲಿದ್ದರೆ ಸಾಕು, ಕರೆದುಕೊಂಡು ಬಾ ಅಂದರಂತೆ. ಪಿಟೀಲಿನವನು ಕಾಕಾನನ್ನು ಎಳೆದುಕೊಂಡು ಹೋದ.

ಆಗಿನ ರೆಕಾರ್ಡಿಂಗ್ ಈಗಿನಂತಲ್ಲ. ಒಬ್ಬೊಬ್ಬರದು ಬೇರೆ ಬೇರೆ ಹಿಡಿದು ಆಮೇಲೆ ಜೋಡಿಸುವ ಹಾಗಿರಲಿಲ್ಲ. ಹಾಡುವವರು, ಬಾರಿಸುವವರು, ಕೋರಸ್ಸು, ಎಲ್ಲರೂ ಒಂದೇ ಕೋಣೆಯಲ್ಲಿ, ಒಂದೇ ಉಸುರಿಗೆ. ಒಬ್ಬ ಕೆಮ್ಮಿದರೂ ಮತ್ತೆ ಮೊದಲಿನಿಂದ. ಅದು ಸುಗ್ಗಿಯ ಹಾಡು. ಎರಡನೆಯ ಚರಣ ಮುಗಿದು, ತಬಲಾ ಒಂದು ಸುತ್ತು ಬಾರಿಸಿದ ಮೇಲೆ ಕೋರಸ್ಸಿನವರು ಒಟ್ಟಿಗೆ "ಓ..." ಎಂದು ಎತ್ತಬೇಕು. ಮಧ್ಯಾಹ್ನವೆಲ್ಲ ಯಾರಾದರೊಬ್ಬರು ತಪ್ಪುತ್ತಲೇ ಇದ್ದರಂತೆ. ಕೊನೆಗೊಮ್ಮೆ ಎಲ್ಲವೂ ಸರಿಯಾಗಿ ನಡೆದಿತ್ತು. ಆಗ ಕಾಕಾ, ಭಯಕ್ಕೋ ಉಮೇದಿಗೋ, ಉಳಿದವರಿಗಿಂತ ಒಂದು ಪೆಟ್ಟು ಮೊದಲೇ "ಓ" ಎಂದುಬಿಟ್ಟರು.

"ನೆಲಾ ಬಾಯಿ ತಗದಿದ್ರ ಇಳದುಬಿಡ್ತಿದ್ದೆ ನೋಡು," ಎನ್ನುತ್ತಿದ್ದರು. ಹಾಡು ಮುಗಿದ ಮೇಲೆ ಸಂಗೀತ ನಿರ್ದೇಶಕರು ಗಾಜಿನ ಕೋಣೆಯಲ್ಲಿ ಕೂತು ಮತ್ತೊಮ್ಮೆ ಕೇಳಿಸಿಕೊಂಡು ಹೊರಗೆ ಬಂದರಂತೆ. ಬೈಗುಳಕ್ಕೆ ಕಾಕಾ ತಲೆ ತಗ್ಗಿಸಿ ನಿಂತಿದ್ದರು. ನಿರ್ದೇಶಕರು ಬೈಯಲಿಲ್ಲ. ಸುಗ್ಗಿಯಲ್ಲಿ ಒಬ್ಬ ಹುಡುಗ ತಡೆಯಲಾರದೆ ಮುಂಚೆ ಕೂಗಿದ ಹಾಗಿದೆ, ಇರಲಿ ಬಿಡಿ, ಎಲ್ಲರೂ ಮನೆಗೆ ಹೋಗಿ ಹಬ್ಬ ಮಾಡಿ, ಎಂದರು. ಆ ತಪ್ಪು ಹಾಗೇ ರೆಕಾರ್ಡಾಯಿತು.

ಈ ಕಥೆಯನ್ನು ಯಾರೂ ನಂಬುತ್ತಿರಲಿಲ್ಲ. ಯಾಕೆಂದರೆ ರೇಡಿಯೋದಲ್ಲಿ, ಕ್ಯಾಸೆಟ್ಟಿನಲ್ಲಿ ಆ ಹಾಡು ಬಂದಾಗ ಎಲ್ಲರೂ ಶಿಸ್ತಾಗಿ ಒಟ್ಟಿಗೇ "ಓ" ಎನ್ನುತ್ತಿದ್ದರು. ಅದು ಸಿನಿಮಾಕ್ಕಾಗಿ ಬೇರೆ ದಿನ ಹಾಡಿದ್ದು, ರೆಕಾರ್ಡಿಗಾಗಿ ಸಂಕ್ರಾಂತಿಯ ದಿನ ಹಾಡಿದ್ದು ಬೇರೆ, ಎಂದು ಕಾಕಾ ವಾದಿಸುತ್ತಿದ್ದರು. ಆಗ ಹಾಗೆ ಎರಡು ಸಲ ಹಾಡಿಸುವ ಪದ್ಧತಿ ಇತ್ತಂತೆ. ಆ ರೆಕಾರ್ಡು ಅವರ ಹತ್ತಿರವೇ ಇತ್ತು, ಅರಗಿನ ದಪ್ಪ ಕಪ್ಪು ತಟ್ಟೆ, ಕಾಕುವಿನ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿಟ್ಟಿದ್ದು. ಆದರೆ ಪ್ಲೇಯರ್ ಕೆಟ್ಟು ಎಷ್ಟೋ ವರ್ಷವಾಗಿತ್ತು. ತಟ್ಟೆ ಇಟ್ಟರೆ ಹಾಡು ಹಗ್ಗದ ಮೇಲೆ ನಡೆಯುವವನಂತೆ ಜೋಲಿ ಹೊಡೆಯುತ್ತಿತ್ತು. ಹೆಣ್ಣೋ ಗಂಡೋ ಗೊತ್ತಾಗುತ್ತಿರಲಿಲ್ಲ.

"ಮದ್ರಾಸಿನ್ಯಾಗ ಹಾಡ್ಯಾರಂತ! ಮನ್ಯಾಗ ಮಂಗಳಾರತಿಗೆ ಬಾಯಿ ಬಿಡಂಗಿಲ್ಲ," ಎಂದು ಕಾಕು ನಮ್ಮೆದುರಿಗೇ ನಗುತ್ತಿದ್ದರು.

ಆಮೇಲೆ ಕಾಕಾನ ಕಿವಿ ಮಂದವಾಗತೊಡಗಿತು. ಡಾಕ್ಟರು, ಇದು ಇನ್ನೂ ಹೋಗುತ್ತದೆ, ತಡೆಯಲಾಗುವುದಿಲ್ಲ ಎಂದುಬಿಟ್ಟರು. ಒಂದು ಸಂಜೆ ಕಾಕಾ ಮೆಟ್ಟಿಲು ಹತ್ತಿ ನಮ್ಮ ಮನೆಗೆ ಬಂದರು. ಕೈಯಲ್ಲಿ ಪ್ಲೇಯರಿನೊಳಗಿನ ರಬ್ಬರಿನ ಚಕ್ರ.

"ತಮ್ಮಾ, ಇಂಥಾದೊಂದು ಮಾಡಿಕೊಡ್ತಿ ಏನು? ಕಿವಿ ಪೂರಾ ಮುಚ್ಚೂದರಾಗ ನನ್ನ ದನಿ ಒಮ್ಮೆ ಕೇಳಬೇಕಾಗ್ಯದ."

ನಾನು ಚಕ್ರವನ್ನು ಬೆಳಕಿಗೆ ಹಿಡಿದು ನೋಡಿದೆ. ರಬ್ಬರು ಕಲ್ಲಾಗಿ ಒಂದು ಕಡೆ ಚಪ್ಪಟೆಯಾಗಿತ್ತು. ಮೋಟಾರಿನ ತಿರುವನ್ನು ತಟ್ಟೆಗೆ ಮುಟ್ಟಿಸುವುದೇ ಅದು. ಗಾತ್ರ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ನಡೆಯುತ್ತದೆ, ಆದರೆ ದುಂಡಗಿರಬೇಕು, ಪೂರ್ತಿ ದುಂಡಗೆ. ನನ್ನ ಕೈಯ ಮೇಲೆ ನನಗೆ ಆಗಲೂ ಹೆಮ್ಮೆ, ಈಗಲೂ ಹೆಮ್ಮೆ. ಆದರೂ ರಬ್ಬರು ಕಬ್ಬಿಣವಲ್ಲ. ಟೂಲ್ ತಾಗಿಸಿದರೆ ನಾಚಿಕೊಂಡು ಒಳಗೆ ಸರಿಯುತ್ತದೆ. ಹಿತ್ತಾಳೆಯ ನಡು ಕಡೆದು, ಹೊಸ ರಬ್ಬರು ಕೂರಿಸಿ, ಎಮರಿ ಪೇಪರಿನಿಂದ ತೀಡಿ ತೀಡಿ ದುಂಡಗೆ ತಂದೆ. ಎರಡು ಚಕ್ರ ಕೆಟ್ಟವು. ಮೂರನೆಯದನ್ನು ಕಾಕಾನ ಅಂಗೈಯಲ್ಲಿಟ್ಟಾಗ ಅವರು ಅದನ್ನು ಕಣ್ಣಿನ ಹತ್ತಿರ ಹಿಡಿದು, ನನ್ನ ಬೆನ್ನು ತಟ್ಟಿದರು.

ಅಂದೇ ಕೇಳಬಹುದಿತ್ತು. ಕಾಕಾ ಒಪ್ಪಲಿಲ್ಲ. ಹಾಡಿದ ದಿನವೇ ಕೇಳುವುದು ಎಂದರು. ಅವರಿಗೆ ಹಠವಿತ್ತು. ಆದರೆ ಗುಜರಾತಿನಲ್ಲಿ ಜನವರಿ ಹದಿನಾಲ್ಕು ಅಂದರೆ ಉತ್ತರಾಯಣ, ಗಾಳಿಪಟದ ಹಬ್ಬ. ಮನೆಯೊಳಗೆ ಒಂದು ನರಪಿಳ್ಳೆಯೂ ಇರುವುದಿಲ್ಲ. ಊರಿಗೆ ಊರೇ ತಾರಸಿಯ ಮೇಲೆ, ಆಕಾಶದ ತುಂಬ ಪತಂಗ, ಪ್ರತಿ ತಾರಸಿಗೂ ಒಂದು ದೊಡ್ಡ ಸ್ಪೀಕರ್ ಪೆಟ್ಟಿಗೆ. ಆ ಗದ್ದಲದಲ್ಲಿ ಕಿವಿ ಸರಿ ಇದ್ದವನಿಗೇ ಪಕ್ಕದವನ ಮಾತು ಕೇಳಿಸುವುದಿಲ್ಲ.

ಕೆಳಗೆ ಅವರ ಮನೆಯಲ್ಲೇ ಬಾಗಿಲು ಕಿಟಕಿ ಮುಚ್ಚಿ ತಟ್ಟೆ ಇಟ್ಟೆವು. ಚಕ್ರ ಎಳ್ಳಷ್ಟೂ ಅಲುಗದೆ ತಿರುಗಿತು. ಹಾಡು ನೆಟ್ಟಗೆ ಬಂತು. ಆದರೆ ಮೇಲಿನಿಂದ ಧಡ್ ಧಡ್ ಎಂದು ಗೋಡೆಯೇ ನಡುಗುತ್ತಿತ್ತು. ಕಾಕಾ ಪ್ಲೇಯರಿನ ಪುಟ್ಟ ಸ್ಪೀಕರಿಗೆ ಕಿವಿ ಒತ್ತಿ ಕೂತರು. ಹಾಡು ಅರ್ಧವಾಗುವ ಮೊದಲೇ ಮುಖ ಎತ್ತಿದರು. ಆ ಮುಖ ಈಗಲೂ ನನ್ನ ಕಣ್ಣ ಮುಂದಿದೆ...

"ಕೇಳಸವಲ್ತೋ ತಮ್ಮಾ," ಎಂದರು. "ಹೋತದು."

ನಾನು ಮಾತಿಗೆ ನಿಲ್ಲಲಿಲ್ಲ. ಪ್ಲೇಯರ್ ಎತ್ತಿಕೊಂಡು ತಾರಸಿಗೆ ಹತ್ತಿದೆ. ನಮ್ಮ ಸೊಸೈಟಿಯ ಸೆಕ್ರೆಟರಿ ಎದೆಯೆತ್ತರದ ಎರಡು ಪೆಟ್ಟಿಗೆ ಇಟ್ಟುಕೊಂಡು ರಾಜನಂತೆ ಕೂತಿದ್ದರು. ವಿಷಯ ಹೇಳಿದೆ. ಮೊದಲು ನಕ್ಕರು, ಆಮೇಲೆ ಕಾಕಾ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬರುವುದನ್ನು ನೋಡಿ, ತಾವೇ ಎದ್ದು ಹಾಡು ನಿಲ್ಲಿಸಿದರು. ಪ್ಲೇಯರಿನ ತಂತಿಯನ್ನು ಅವರ ಆಂಪ್ಲಿಫೈಯರಿಗೆ ಸಿಕ್ಕಿಸಿದೆ. ಕಾಕು ಮತ್ತೆ ಸೀರೆಯಲ್ಲಿ ಸುತ್ತಿ ತಂದಿದ್ದ ತಟ್ಟೆಯನ್ನು ಬಿಚ್ಚಿಕೊಟ್ಟರು, ಗಂಡನ ಕೈಗೆ ಕೊಡದೆ ನನ್ನ ಕೈಗೆ.

ಮೊದಲು ಚರಚರ ಸದ್ದು. ಆಮೇಲೆ ಮಕರಪುರದ ಆಕಾಶದಲ್ಲಿ, ಪತಂಗಗಳ ನಡುವೆ, ಕನ್ನಡದ ಸುಗ್ಗಿ ಹಾಡು. ನಮ್ಮ ತಾರಸಿಯವರು ದಾರ ಹಿಡಿದುಕೊಂಡೇ ತಿರುಗಿ ನೋಡಿದರು. ಒಂದು ಚರಣ ಮುಗಿಯಿತು. ಎರಡನೆಯದೂ ಮುಗಿಯಿತು. ತಬಲಾ ಒಂದು ಸುತ್ತು ಬಂತು.

"ಓ..."

ಒಂದೇ ದನಿ. ಎಳೆಯ ದನಿ. ಹಿಂದಿನಿಂದ ಉಳಿದವರೆಲ್ಲ ಬಂದು ಅದನ್ನು ಎತ್ತಿಕೊಂಡರು. ಒಂದು ಪೆಟ್ಟಿನ ಅಂತರ, ಅಷ್ಟೇ. ಆದರೆ ಆ ಒಂದು ಪೆಟ್ಟಿನ ಹೊತ್ತು ಇಡೀ ಹಾಡಿನಲ್ಲಿ ಅವರೊಬ್ಬರೇ ಇದ್ದರು.

ಇಪ್ಪತ್ತು ವರ್ಷದ ಹುಡುಗ ಮೇಲೆ ಗಾಳಿಯಲ್ಲಿ ಕೂಗುತ್ತಿದ್ದಾನೆ. ಅವನೇ ಇಲ್ಲಿ ನೆರೆತ ತಲೆಯಲ್ಲಿ, ಬನಿಯನ್ನಿನ ಮೇಲೆ ಸ್ವೆಟರ್ ಹಾಕಿಕೊಂಡು, ಪೆಟ್ಟಿಗೆಯ ಮುಂದೆ ನಿಂತಿದ್ದಾನೆ. ನಾನು ದೊಡ್ಡ ದೊಡ್ಡ ಮಷೀನು ನೋಡಿದ್ದೇನೆ, ಆ ಒಂದು ಕೂಗಿಗಿಂತ ದೊಡ್ಡದನ್ನು ಇದುವರೆಗೆ ಕಂಡಿಲ್ಲ.

ಕಾಕಾ ಕಣ್ಣು ಮುಚ್ಚಿದ್ದರು. "ಬಂತು," ಎಂದರು. "ಕೇಳಿಸ್ತು. ಹೆಂಗ ಹೆದರ್ಯಾನ ನೋಡ ಅಂವ!"

ಕಾಕು ಬಾಯಿಗೆ ಸೆರಗು ಹಿಡಿದು ನಿಂತಿದ್ದರು. ಗಂಡನ ಮದುವೆಗೆ ಮುಂಚಿನ ದನಿಯನ್ನು ಅವರು ಎಲ್ಲಿ ಕೇಳಿರಬೇಕು? ಆದರೂ ಗುರುತು ಹಿಡಿದರು. ಮೂಗು ಒರೆಸಿಕೊಂಡು, "ನನ್ನ ಕಟ್ಟಿಕೊಂಡಾಗಿಂದ ಎಲ್ಲಾದಕ್ಕೂ ತಡಾ. ಅವತ್ತೊಂದಿನಾನ ಲಗೂ ಬಂದಾರ," ಎಂದರು.

ಸೆಕ್ರೆಟರಿಗೆ ಕನ್ನಡದ ಒಂದಕ್ಷರ ಬಾರದು. "ಕಾಕಾ, ಫರೀಥಿ ವಗಾಡೋ!" ಮತ್ತೊಮ್ಮೆ ಹಾಕಿ, ಎಂದು ಅವರೇ ಕೂಗಿದರು. ಮತ್ತೊಮ್ಮೆ ಹಾಕಿದೆವು. ಮೂರನೆಯ ಸಲಕ್ಕೆ ತಾರಸಿಯವರೆಲ್ಲ ಧಾಟಿ ಹಿಡಿದುಬಿಟ್ಟಿದ್ದರು. ಜಾಗ ಬಂದಾಗ, ಕಲಿಸಿಕೊಟ್ಟವರಿಲ್ಲ, ಹೇಳಿದವರಿಲ್ಲ, ಅಷ್ಟೂ ಜನ ಕೋರಸ್ಸಿಗೆ ಕಾಯದೆ ಕಾಕಾನ ದನಿಯ ಜೊತೆಗೇ ಮೊದಲೇ "ಓ" ಎಂದರು. ಪಕ್ಕದ ತಾರಸಿಯವರೂ ಸೇರಿಕೊಂಡರು. ತಪ್ಪೇ ಸರಿಯಾಗಿತ್ತು. ಕಾಕಾ ಯಾರಿಗೂ ಮುಖ ತೋರಿಸದೆ ಗೋಡೆಯ ಕಡೆ ತಿರುಗಿ ನಿಂತರು.

ಮುಂದಿನ ಸಂಕ್ರಾಂತಿಗೆ ಅವರ ಕಿವಿ ಪೂರ್ತಿ ಹೋಗಿತ್ತು. ನಿವೃತ್ತಿಯಾದ ಮೇಲೆ ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿದ್ದ ಮಗಳ ಮನೆಗೆ ಹೊರಟರು. ಪ್ಲೇಯರನ್ನು ನನಗೆ ಕೊಟ್ಟರು. ರೆಕಾರ್ಡನ್ನು ತಾವು ಒಯ್ದರು, ಅದು ಸಾಮಾನಿನ ಲಾರಿಯಲ್ಲಿ ಎರಡು ಹೋಳಾಯಿತು. ನೋಡಲು ಹೋದಾಗ ನಾನು ಅದಕ್ಕೆ ಮರುಗಿದರೆ, ಕಾಕಾ ನನ್ನ ತುಟಿ ನೋಡಿ ಮಾತು ತಿಳಿದುಕೊಂಡು, "ಕೇಳೂದು ಕೇಳಿ ಆತಲ್ಲೋ," ಎಂದು ನಕ್ಕರು. ಅದೇ ಕೊನೆಯ ಭೇಟಿ. ಕಾಕುವೂ ಈಗಿಲ್ಲ.

ಆ ರೆಕಾರ್ಡು ಇನ್ನೆಲ್ಲಾದರೂ ಇರಬಹುದು ಎಂದು ನಾನು ಕೇಳದ ಜಾಗವಿಲ್ಲ. ಮೊಬೈಲಿನಲ್ಲಿ ಹುಡುಕಿದರೆ ಸಿನಿಮಾದ ಹಾಡೇ ಬರುತ್ತದೆ. ಅದರಲ್ಲಿ ಎಲ್ಲರೂ ಒಟ್ಟಿಗೇ ಶುರುಮಾಡುತ್ತಾರೆ. ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳಿಗೆ ಕನ್ನಡ ಅಷ್ಟಕ್ಕಷ್ಟೇ. ಹಾಡು ಚೆನ್ನಾಗಿದೆ ಪಪ್ಪಾ, ಎನ್ನುತ್ತಾಳೆ. ಚೆನ್ನಾಗಿದೆ. ಅದರಲ್ಲಿ ಅವರಿಲ್ಲ, ಅಷ್ಟೇ...

ಈಗ ನನ್ನ ಹತ್ತಿರ ಸ್ವಂತದ್ದೊಂದು ಶೆಡ್ಡಿದೆ. ಮೂರು ಲೇತ್, ಒಂದು ಮಿಲ್ಲಿಂಗ್ ಮಷೀನು, ಐದು ಜನ ಕೆಲಸಗಾರರು. ಎರಡು ಕೋಣೆಯ ಮನೆ. ಒಬ್ಬಳು ಮಗಳು. ನೆಟ್ಟಗೆ ತಿರುಗುವ ಒಂದು ಪ್ಲೇಯರ್. ರೆಕಾರ್ಡು ಒಂದೂ ಇಲ್ಲ.