ಒತ್ತದೇ ಬಿಟ್ಟ ಗುಂಡಿ

ತಕ್ಕಡಿಯವರು ತೀರಿಕೊಂಡು ಮೂರು ವಾರವಾಯಿತು. ನಲವತ್ತು ವರ್ಷ ಅಂಗಡಿಯಿಂದ ಅಂಗಡಿಗೆ ಹೋಗಿ ತಕ್ಕಡಿಗಳನ್ನು ಬಿಚ್ಚಿ, ಒರೆಸಿ, ಹಿತ್ತಾಳೆಯ ತೂಕದ ಬಟ್ಟುಗಳನ್ನಿಟ್ಟು ಸರಿಮಾಡಿದ ಮನುಷ್ಯ. ತಾವೇ ಪರೀಕ್ಷಿಸದ ಅಳತೆಯನ್ನು ನಂಬಿದವರಲ್ಲ. ಜ್ವರ ಬಂದರೆ ಥರ್ಮಾಮೀಟರನ್ನು ಮೊದಲು ಹೆಂಡತಿಯ ಬಾಯಿಗಿಟ್ಟು ನೋಡಿ, ಆಮೇಲೆ ತಮ್ಮ ಬಾಯಿಗಿಟ್ಟುಕೊಳ್ಳುತ್ತಿದ್ದರು.

ಅರವತ್ತು ದಾಟಿದ ಮೇಲೆ ಹೊಸ ಕಾರು ಕೊಂಡರು. ಓಡಿಸಲು ಕಲಿಸಿದವನು ಹೆಂಡತಿಯ ತಮ್ಮ. ಅವನ ಮನೆ ಮೂವತ್ತು ಕಿಲೋಮೀಟರ್ ಆಚೆ, ಕೆಲಸ ಇಲ್ಲಿಯ ಮುದ್ರಣಾಲಯದಲ್ಲಿ. ಹಾಗಾಗಿ ವಾರವಿಡೀ ಅಕ್ಕನ ಮನೆಯ ಮುಂದಿನ ಕೋಣೆಯಲ್ಲೇ ಇರುತ್ತಿದ್ದ. ಬೆಳಿಗ್ಗೆ ಕಾರು ತೊಳೆದು ಗೇಟಿನಾಚೆ ತಂದು ನಿಲ್ಲಿಸುವವನು ಅವನೇ ಆದ್ದರಿಂದ ಎರಡನೇ ಕೀ ಅವನ ಜೇಬಿನಲ್ಲಿತ್ತು.

ಲೀಟರಿಗೆ ಇಪ್ಪತ್ತು ಕಿಲೋಮೀಟರ್ ಎಂದು ಷೋರೂಮಿನವರು ಹೇಳಿದ್ದರು. ತಕ್ಕಡಿಯವರು ಟ್ಯಾಂಕ್ ತುಂಬಿಸಿ, ಓಡಿದ ದೂರ ಬರೆದುಕೊಂಡು, ಮತ್ತೆ ತುಂಬಿಸಿ ಭಾಗಿಸಿದರು. ಒಂಬತ್ತು. ಇನ್ನೆರಡು ಸಲ ನೋಡಿದರು. ಒಂಬತ್ತೇ. ಕಾರಿನಡಿ ರಟ್ಟು ಹಾಸಿಟ್ಟರು. ಒಂದು ಹನಿಯೂ ಸೋರಲಿಲ್ಲ. ಗುಂಡಿ ಒತ್ತಿದರೆ ಮುಂದಿನ ಪರದೆಯಲ್ಲಿ ಕಾರೇ ಮೈಲೇಜ್ ತೋರಿಸುತ್ತದೆ ಎಂದು ಭಾವಮೈದ ಹೇಳಿದ್ದ. "ಯಾರೂ ಪರೀಕ್ಷೆ ಮಾಡದ ಅಳತೆ ನಂಗ್ಯಾಕಪ್ಪ" ಎಂದು ಅವರು ಆ ಗುಂಡಿಯ ತಂಟೆಗೇ ಹೋಗಿರಲಿಲ್ಲ.

ಒಂದು ಗುರುವಾರ ಊಟಕ್ಕೆ ಕೂತಾಗ ಬಾಯಿಬಿಟ್ಟರು. "ಅರ್ಧ ಪೆಟ್ರೋಲು ಕಾರು ಕುಡಿಯುತ್ತೆ. ಇನ್ನರ್ಧ ಯಾರು ಕುಡೀತಾರೆ?"

"ಅಂದ್ರೆ, ಭಾವ?"

"ಕೀ ಇರೋದು ಇಬ್ಬರ ಹತ್ರ. ನಾನಂತೂ ಕುಡಿದಿಲ್ಲ."

ತಮಾಷೆಯೆಂದುಕೊಂಡು ಅವನು ನಕ್ಕ. ಭಾವ ನಗಲಿಲ್ಲ. ಅವನು ಎದ್ದು ಕೈ ತೊಳೆದು, ಕೀಯನ್ನು ಉಪ್ಪಿನ ಡಬ್ಬಿಯ ಪಕ್ಕ ಇಟ್ಟು, ಚೀಲ ಹೆಗಲಿಗೇರಿಸಿ ಬಸ್ಸಿಗೆ ಹೊರಟುಹೋದ.

ಹೆಂಡತಿ ತಮ್ಮನ ತಟ್ಟೆಯನ್ನು ಎತ್ತಲಿಲ್ಲ. "ನಿಮ್ಮ ಅಳತೆ ನಿಮ್ಮ ಹತ್ರಾನೇ ಇರಲಿ. ಅವನನ್ನ ಸೊಂಟದ ಮೇಲೆ ಎತ್ತಿ ಬೆಳೆಸಿದೋಳು ನಾನು. ಅವನ ತೂಕ ನಂಗೊತ್ತು."

ಶನಿವಾರ ಸರ್ವೀಸಿಗೆ ಹೋದಾಗ ಮೆಕ್ಯಾನಿಕ್ ಕೇಳಿದ, "ದಿನಾ ಎಷ್ಟು ದೂರ ಓಡಿಸ್ತೀರಿ ಸಾರ್?"

"ಮನೆಯಿಂದ ಮೊದಲ್ನೇ ಅಂಗಡಿಗೆ ಒಂದೂವರೆ ಕಿಲೋಮೀಟರ್. ಆಮೇಲೆ ಪೇಟೆ ಒಳಗೇ, ಅಲ್ಲಲ್ಲಿ ನಿಲ್ಲಿಸಿಕೊಂಡು."

"ಇಂಜಿನ್ ಬಿಸಿ ಆಗೋ ಹೊತ್ತಿಗೆ ನೀವು ಆಫ್ ಮಾಡ್ತೀರಿ. ತಣ್ಣಗಿರೋ ಇಂಜಿನ್ನು ಹೀಗೇ ಕುಡಿಯೋದು. ಸಿಗ್ನಲ್ಲಲ್ಲಿ ನಿಂತ್ರೂ ಕುಡಿಯುತ್ತೆ."

"ಯಾರಾದ್ರೂ ಪೆಟ್ರೋಲು ತೆಗೆದಿದ್ರೆ?"

ಮೆಕ್ಯಾನಿಕ್ ಕೈ ಚಾಚಿ ಗುಂಡಿ ಒತ್ತಿದ. ಪರದೆಯ ಮೇಲೆ ಒಂಬತ್ತು ಮೂಡಿತು. "ಇದು ಇಂಜಿನ್ ಸುಟ್ಟಿದ್ದನ್ನ ಮಾತ್ರ ತೋರಿಸೋದು ಸಾರ್. ಕದ್ದ ಪೆಟ್ರೋಲು ಇದರ ಲೆಕ್ಕಕ್ಕೇ ಬರಲ್ಲ, ಯಾರಾದ್ರೂ ಕದ್ದಿದ್ರೆ ಇದು ಇಷ್ಟು ಕಮ್ಮಿ ತೋರಿಸ್ತಿರಲಿಲ್ಲ. ಯಾಕೆ, ಯಾರ ಮೇಲಾದ್ರೂ ಅನುಮಾನ ಇತ್ತಾ?"

ಇಲ್ಲ ಎಂದು ಸುಳ್ಳು ಹೇಳಿದರು. ಜೀವಮಾನವಿಡೀ ಅಳತೆಯನ್ನೇ ನಂಬಿ ಬದುಕಿದವರು, ಕಣ್ಣೆದುರಿನ ಅಳತೆಯನ್ನು ನೋಡದೆ ಮನೆಯವನನ್ನು ಕಳ್ಳ ಮಾಡಿದ್ದರು. ಮೆಕ್ಯಾನಿಕ್ ಅಂಕಿಯನ್ನು ಸೊನ್ನೆಗೆ ತಂದುಕೊಟ್ಟ.

ಭಾನುವಾರ ಒಬ್ಬರೇ ಭಾವಮೈದನ ಮನೆಗೆ ಹೊರಟರು. ಅಷ್ಟು ದೂರ ಒಬ್ಬರೇ ಎಂದೂ ಓಡಿಸಿರಲಿಲ್ಲ. ಪೇಟೆ ದಾಟುವಾಗ ಹತ್ತು. ಹೆದ್ದಾರಿಗೆ ಬಿದ್ದ ಮೇಲೆ ಹದಿಮೂರು, ಹದಿನಾರು, ಹದಿನೆಂಟು. ಅಂಕಿ ಏರಿದಷ್ಟೂ ಅವರು ಸೀಟಿನಲ್ಲಿ ಕುಗ್ಗುತ್ತಾ ಹೋದರು. ಒಂಬತ್ತರಲ್ಲೇ ನಿಂತಿದ್ದರೆ ತಪ್ಪನ್ನು ಕಾರಿನ ಮೇಲಾದರೂ ಹೊರಿಸಬಹುದಿತ್ತು ಎಂದು ಅವರೇ ಮುಂದೆ ಗೆಳೆಯರ ಬಳಿ ಹೇಳಿಕೊಂಡಿದ್ದುಂಟು. ಹೇಳುವಾಗ ನೆಲ ನೋಡುತ್ತಿದ್ದರು.

ಭಾವಮೈದ ಅಂಗಳದಲ್ಲಿ ನಲ್ಲಿಯ ವಾಷರ್ ಬದಲಿಸುತ್ತಿದ್ದವನು ಎದ್ದು ನಿಂತ. "ಒಬ್ಬರೇ ಬಂದ್ರಾ ಭಾವ? ಲಾರಿಗಳು ಜಾಸ್ತಿ ಆ ರೋಡಲ್ಲಿ."

"ಹತ್ತೊಂಬತ್ತು ಕೊಡ್ತು," ಎಂದರು ತಕ್ಕಡಿಯವರು.

"ಒಳ್ಳೆ ಮೈಲೇಜೇ."

"ನಿನ್ನ ಕಳ್ಳ ಅಂದೆನಲ್ಲೋ."

"ಅಂದ್ರಿ." ಅವನು ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡ. ಭಾವ ಚಾಚಿದ ಕೀಯನ್ನು ಮಾತ್ರ ತೆಗೆದುಕೊಳ್ಳಲಿಲ್ಲ. "ಅದು ನಿಮ್ಮ ಹತ್ರಾನೇ ಇರಲಿ. ನಾಳೆ ಬರ್ತೀನಿ, ಅಕ್ಕನಿಗೆ ಹೇಳಿ."

ಬಂದ. ಕಾರನ್ನೂ ತೊಳೆದ. ಆದರೆ ಕೀ ಆರು ವರ್ಷ ಅಡುಗೆಮನೆಯ ಮೊಳೆಯಲ್ಲೇ ನೇತಾಡಿತು. ತಕ್ಕಡಿಯವರು ಊಟಕ್ಕೆ ಕೂತಾಗಲೆಲ್ಲ ಅದಕ್ಕೆ ಬೆನ್ನುಹಾಕಿ ಕೂರುತ್ತಿದ್ದರು.

ಕಳೆದ ತಿಂಗಳು ಅವರಿಗೆ ಎದೆನೋವು ಬಂದ ಬೆಳಿಗ್ಗೆ, ಯಾರೂ ಹೇಳದೆಯೇ ಅವನು ಮೊಳೆಯಿಂದ ಕೀ ತೆಗೆದುಕೊಂಡ. ಆಸ್ಪತ್ರೆ ಎರಡು ಕಿಲೋಮೀಟರೂ ಇರಲಿಲ್ಲ. ಹಿಂದಿನ ಸೀಟಿನಲ್ಲಿ ಹೆಂಡತಿಯ ಹೆಗಲಿಗೆ ಒರಗಿ ತಕ್ಕಡಿಯವರು ಕೇಳಿದರು, "ಎಷ್ಟು ತೋರಿಸ್ತಿದೆಯೋ?"

ಅವನು ಗುಂಡಿ ಒತ್ತಿದ. "ಎಂಟು, ಭಾವ."

"ಸರಿಯಾಗೇ ತೋರಿಸ್ತಿದೆ," ಎಂದು ಅವರು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು.