ಒಂದೇ ಸುತ್ತಿನಲ್ಲಿ ಸವರಿದ ಅಂಚು

ನನ್ನ ಅಣ್ಣ ಗಿಟಾರ್ ಮಾಡುತ್ತಾನೆ. ಊರೆಲ್ಲ ಅವನನ್ನು ಹೊಗಳುತ್ತದೆ, ಹೊಗಳಲಿ. ಅವನ ಶೆಡ್ಡಿನಲ್ಲಿ ಪಾಲಿಶ್ ಉಜ್ಜುವವಳು ನಾನು, ಹತ್ತಿರದಿಂದ ನೋಡಿದವಳು. ಪೆನ್ಸಿಲ್ಲಿನಿಂದ ಕಿವಿ ಕೆರೆದುಕೊಳ್ಳುತ್ತಾನೆ, ಅದೇ ಪೆನ್ಸಿಲ್ಲಿನಿಂದ ಮರದ ಮೇಲೆ ಗೆರೆ ಎಳೆಯುತ್ತಾನೆ. ಅಂಟು ಮೆತ್ತಿದ ಬೆರಳನ್ನು ಕಿಟಕಿಯ ಪರದೆಗೆ ಒರೆಸುತ್ತಾನೆ. ಕೇಳಿದರೆ, "ಕಲಾವಿದರು ಹೀಗೇ ಇರೋದು ಕಣೇ" ಅನ್ನುತ್ತಾನೆ. ಕಲಾವಿದನಂತೆ, ಥೂ!

ಆದರೂ ಕೈ ಒಳ್ಳೆಯದು, ಸುಳ್ಳು ಹೇಳಬಾರದು. ಬಾಗಿಸಿದ ಪಕ್ಕದ ಪಟ್ಟಿಗಳಿಗೆ ಮೇಲಿನ ಹಲಗೆಯನ್ನು ಅಂಟಿಸಿದಾಗ ಸುತ್ತಲೂ ಒಂದಿಷ್ಟು ಮರ ಹೊರಚಾಚಿಕೊಂಡಿರುತ್ತದೆ. ಅದನ್ನು ರೂಟರ್ ಎಂಬ ಕತ್ತರಿಸುವ ಯಂತ್ರದಿಂದ ಪಕ್ಕಕ್ಕೆ ಸಮನಾಗಿ ಸವರಬೇಕು. ಅಗಲವಾದ ಹೊಟ್ಟೆಯ ಕಡೆಯಿಂದ ಕಿರಿದಾದ ಸೊಂಟಕ್ಕೆ ಇಳಿಯಬೇಕು, ಅಲ್ಲಿ ನಿಲ್ಲಿಸಿ ಯಂತ್ರ ಎತ್ತಬೇಕು, ಇನ್ನೊಂದು ಕಡೆಯಿಂದ ಮತ್ತೆ ಇಳಿಯಬೇಕು. ಸೊಂಟದಿಂದ ಹೊಟ್ಟೆಗೆ ಹತ್ತಿಸಿದರೆ ಮರದ ಎಳೆ ಎದ್ದು ಸೀಳಿಕೊಂಡು ಬರುತ್ತದೆ. ಇದನ್ನು ಹೇಳಿ ಹೇಳಿ ನಮ್ಮ ತಲೆ ತಿಂದವನು ಅವನೇ. ಆ ಯಂತ್ರವನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ, ಅವನ ಮಗಳು ಕೂಡ.

ಅವಳು ಆಗ ತನ್ನ ಮೊದಲ ಗಿಟಾರ್ ಮಾಡುತ್ತಿದ್ದಳು. ಹಲಗೆ ಜೋಡಿಸಿದ್ದು, ಪಕ್ಕ ಬಾಗಿಸಿದ್ದು, ಅಂಟು ಹಾಕಿದ್ದು ಎಲ್ಲ ಅವಳೇ. ಒಬ್ಬ ಸಂಗೀತದ ಮೇಷ್ಟ್ರು ಅದನ್ನು ತಮಗಾಗಿ ಹೇಳಿ ಮಾಡಿಸುತ್ತಿದ್ದರು. ಅವರು ಒಪ್ಪಿದರೆ ಶೆಡ್ಡಿನಲ್ಲಿ ನಿನಗೂ ಒಂದು ಮೇಜು, ಇಲ್ಲದಿದ್ದರೆ ಅತ್ತೆಯ ಜೊತೆ ಪಾಲಿಶ್ ಉಜ್ಜು ಎಂದು ಅಣ್ಣ ಷರತ್ತು ಹಾಕಿದ್ದ. ಪಾಪ, ಹುಡುಗಿಗೆ ಆ ಮೇಜಿನದೇ ಧ್ಯಾನ.

ಅಂಚು ಸವರುವ ದಿನ ಅವಳು ಊಟಕ್ಕೆ ಹೋಗಿದ್ದಳು. ಅಣ್ಣನಿಗೆ ಹಸಿವೋ, ಸೊಕ್ಕೋ, ಎತ್ತಿ ಇಳಿಸುವ ಗೋಜಿಗೇ ಹೋಗದೆ ಒಂದೇ ಸುತ್ತಿನಲ್ಲಿ ಯಂತ್ರ ಓಡಿಸಿದ. ಸೊಂಟ ದಾಟಿದ್ದೇ ತಡ, ಚಟಾರನೆ ಬೆರಳುದ್ದದ ಸೀಳು ಒಳಕ್ಕೆ ಹೋಯಿತು. "ಅಯ್ಯಯ್ಯೋ!" ಅಂದೆ. ಅವನು ಯಂತ್ರ ಆರಿಸಿ ಮೇಜಿನ ಮೇಲಿಟ್ಟು, ಕಿತ್ತುಬಂದ ಚೂರನ್ನು ಕಾಲಿನಿಂದ ಮೂಲೆಗೆ ತಳ್ಳಿದ.

ಅಷ್ಟರಲ್ಲಿ ಮೇಷ್ಟ್ರು ಬಂದರು. ಅವರ ಹಿಂದೆಯೇ ಒದ್ದೆ ಕೈ ಒರೆಸಿಕೊಳ್ಳುತ್ತಾ ಅವಳೂ ಬಂದಳು. ಸೀಳು ಕಂಡು ಇಬ್ಬರೂ ನಿಂತುಬಿಟ್ಟರು.

"ನಮ್ಮ ಹುಡುಗಿ ಸರ್," ಅಂದ ಅಣ್ಣ, ನಾಚಿಕೆಗೆಟ್ಟವನು. "ಬೇಡ ಬೇಡ ಅಂದ್ರೂ ಯಂತ್ರ ಮುಟ್ಟಿದಾಳೆ." ಮೇಲಿಂದ ಅವಳ ತಲೆ ಬೇರೆ ನೇವರಿಸಿದ. "ಹೋಗ್ಲಿ ಬಿಡಮ್ಮ, ಕಲಿಯೋವಾಗ ಆಗುತ್ತೆ."

ಕ್ಷಮಿಸುತ್ತಿದ್ದಾನೆ! ಇವನ ಜೊತೆ ಹುಟ್ಟಿದೆನಲ್ಲಾ ಎಂದು ನನಗೆ ಹೇಸಿಗೆಯಾಯಿತು. "ಅಣ್ಣಾ, ನಿನ್ನ ನಾಲಿಗೆಗೆ..." ಎಂದು ನಾನು ಶುರು ಮಾಡುವಷ್ಟರಲ್ಲಿ ಅವಳು ನನ್ನ ಕೈ ಹಿಡಿದು ಒತ್ತಿದಳು. ಅಪ್ಪನ ಹುಬ್ಬಿನ ಮೇಲೆ ಕೂತಿದ್ದ ಬಿಳಿ ಮರದ ಪುಡಿಯನ್ನೇ ನೋಡುತ್ತಿದ್ದಳು.

"ಹೌದು ಸರ್, ನಾನೇ," ಅಂದಳು. "ನಾನೇ ಕೆಡಿಸಿದ್ದು ಅಂದ್ಮೇಲೆ ನಾನೇ ಸರಿ ಮಾಡ್ಕೊಡ್ತೀನಿ. ಈ ಹಲಗೆ ತೆಗೆದು ಹೊಸದು ಕೂರಿಸ್ತೀನಿ. ಅಂಚೂ ನಾನೇ ಸವರ್ತೀನಿ."

ಮೇಷ್ಟ್ರು ಅವಳ ಮುಖವನ್ನೊಮ್ಮೆ ನೋಡಿದರು. "ಆಗ್ಲಮ್ಮ, ನಿಧಾನಕ್ಕೆ ಮಾಡು."

ಅವಳು ಅಪ್ಪನ ಕಡೆಗೆ ಕೈ ಚಾಚಿದಳು. "ಯಂತ್ರ ಎತ್ತಿ ಕೊಡಪ್ಪ. ಇನ್ಮೇಲೆ ಅದು ನನ್ನ ಮೇಜಿನ ಮೇಲಿರಲಿ."

ಅಣ್ಣ ಇಂಗು ತಿಂದ ಮಂಗನಂತಾದ. ಕಲಿಯೋವಾಗ ಆಗುತ್ತೆ ಎಂದವನು ತಾನೇ, ಮೇಷ್ಟ್ರೂ ಮಾಡು ಅಂದಾಗಿತ್ತು; ಈಗ ಕೊಡುವುದಿಲ್ಲ ಎನ್ನಬೇಕಾದರೆ ಅವರ ಮುಂದೆ ನಿಜ ಹೇಳಬೇಕಿತ್ತು. ಎತ್ತಿ ಕೊಟ್ಟ.