ಎಡಗಣ್ಣು ಮುಚ್ಚಿದ ಗಂಗಣ್ಣ

ಗಂಗಣ್ಣ ಯಾರನ್ನೇ ನೋಡಲಿ, ಎಡಗಣ್ಣು ಮುಚ್ಚಿಕೊಂಡೇ ನೋಡುತ್ತಿದ್ದ. ದೃಷ್ಟಿಗೆ ಏನೂ ಐಬು ಇರಲಿಲ್ಲ. ಅವನದು ಗಾಜಿನ ಮೇಲೆ ಚಿತ್ರ ಬರೆಯುವ ಕಸುಬು. ಗಾಜಿನ ಕೆಳಗಿಟ್ಟ ಫೋಟೋ ಮತ್ತು ಗಾಜಿನ ಮೇಲಿನ ಕುಂಚ, ಎರಡೂ ಒಂದೇ ಗೆರೆಗೆ ಬರಬೇಕಾದರೆ ಒಂದೇ ಕಣ್ಣು ಸಾಕಂತೆ, ಎರಡು ಕಣ್ಣು ಬಿಟ್ಟರೆ ಗೆರೆ ಹೊಯ್ದಾಡುತ್ತದಂತೆ. ಈ ಚಟ ಮೈಗೆ ಹತ್ತಿ, ಚಹಾ ಕುಡಿಯುವಾಗಲೂ ಬಸ್ಸಿನ ಬೋರ್ಡು ಓದುವಾಗಲೂ ಆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಹಾವೇರಿಯಿಂದ ಬರುವಾಗ ಒಮ್ಮೆ ಬಸ್ಸಿನ ಕಂಡಕ್ಟರಮ್ಮನನ್ನು ಹೀಗೆ ನೋಡಿ, ರಾಣೆಬೆನ್ನೂರು ಮುಟ್ಟುವವರೆಗೂ ಬೈಸಿಕೊಂಡಿದ್ದ. ಇಳಿಯುವಾಗ ಸುಮ್ಮನೆ ಇಳಿದನೇ? "ಬೈದದ್ದು ಇರಲಿ ಬಿಡ್ರಿ ಅಕ್ಕಾರ, ಮೂಗು ಮಾತ್ರ ಭಾಳ ಚಂದ ಐತಿ ನಿಮ್ದು" ಎಂದು ಹೇಳಿ ಇನ್ನಷ್ಟು ಬೈಸಿಕೊಂಡ.

ರಾಣೆಬೆನ್ನೂರಿನಲ್ಲಿ ಅವನ ಅಂಗಡಿಗೂ ನನ್ನ ಫೋಟೋ ಸ್ಟುಡಿಯೋಕ್ಕೂ ನಡುವೆ ಒಂದೇ ಗೋಡೆ. ಮೂವತ್ತು ವರ್ಷ ಹೀಗೇ ಇದ್ದೆವು. ಅವನು ಬರೆಯುತ್ತಿದ್ದುದು ಗಾಜಿನ ಹಿಂಬದಿಗೆ, ನಾವು ನೋಡುವುದು ಮುಂಬದಿಯಿಂದ. ಹಾಗಾಗಿ ಎಲ್ಲವೂ ಉಲ್ಟಾ. ಗಾಜಿನ ಕೆಳಗಿಡುವ ಫೋಟೋವನ್ನೂ ನನ್ನ ಸ್ಟುಡಿಯೋದಲ್ಲಿ ಎಡಬಲ ತಿರುವಿಸಿಕೊಳ್ಳುತ್ತಿದ್ದ. ಬೇರೆ ಚಿತ್ರಗಾರರು ಕೊನೆಗೆ ಇಡುವ ಕಣ್ಣಿನ ಹೊಳಪು, ಮೀಸೆಯ ಕೂದಲು, ಮೂಗುತಿ ಇವನಲ್ಲಿ ಮೊದಲು ಬರುತ್ತಿದ್ದವು. ಮುಖದ ಬಣ್ಣ ಎಲ್ಲಕ್ಕಿಂತ ಕಡೆಗೆ. "ಎಲ್ಲಾರೂ ಮನಿ ಕಟ್ಟೂದು ಬುನಾದಿಯಿಂದ. ನಾನು ಮಾಳಗಿಯಿಂದ ಕೆಳಗ ಇಳ್ಕೊಂತ ಬರಾಂವ" ಎನ್ನುತ್ತಿದ್ದ.

ಹೋದ ವರ್ಷ ಆಷಾಢದಲ್ಲಿ, ಕುಂಚ ತೊಳೆದಿಟ್ಟು ಊಟಕ್ಕೆ ಹೋದವನು ಮತ್ತೆ ಅಂಗಡಿಗೆ ಬರಲಿಲ್ಲ. ಗೆಳೆಯರೆಲ್ಲ ಸೇರಿ ಒಂದು ನುಡಿನಮನ ಇಟ್ಟುಕೊಳ್ಳೋಣ ಎಂದೆವು. ಆಗ ಅವನ ಹೆಂಡತಿ ಶಾಂತವ್ವ ಸ್ಟುಡಿಯೋಕ್ಕೆ ಬಂದು, "ಅಣ್ಣಾರ, ಇವರದೊಂದು ಫೋಟೋ ಬೇಕ್ರಿ. ಮನ್ಯಾಗ ಒಂದೂ ಇಲ್ಲ. ನಿಮ್ಮ ಕಡೆ ಇದ್ದ ಇರ್ತೈತಲ್ಲ" ಎಂದಳು.

ಎರಡು ದಿನ ಹುಡುಕಿದೆ. ಕಂಪ್ಯೂಟರಿನಲ್ಲಿ ಗಂಗಣ್ಣನ ಮೊಣಕೈ ಸಿಕ್ಕಿತು, ಬೆನ್ನು ಸಿಕ್ಕಿತು. ಒಂದು ಮದುವೆಯ ಗುಂಪಿನಲ್ಲಿ ಅರ್ಧ ಕಿವಿ ಸಿಕ್ಕಿತು. ಕ್ಯಾಮೆರಾ ಕಂಡರೆ ಅವನು ಚಪ್ಪಲಿ ಹುಡುಕುವವನಂತೆ ಬಗ್ಗಿಬಿಡುತ್ತಿದ್ದ. ಕಡೆಗೆ ಸರಕಾರಿ ಗುರುತಿನ ಚೀಟಿಯ ಫೋಟೋವನ್ನೇ ದೊಡ್ಡದು ಮಾಡಿಸಿ ಕೊಟ್ಟೆ. ಅದರಲ್ಲಿ ಎರಡೂ ಕಣ್ಣು ಬಿಟ್ಟುಕೊಂಡು, ಈಗಷ್ಟೇ ಸಿಕ್ಕಿಬಿದ್ದ ಕಳ್ಳನ ಹಾಗಿದ್ದ. ಶಾಂತವ್ವ ಬಹಳ ಹೊತ್ತು ನೋಡಿ, "ಇವರು ಯಾರ್ರಿ?" ಎಂದಳು.

ನನಗೆ ನಾಚಿಕೆಯಾಯಿತು. ಯಾಕೆಂದರೆ ಒಮ್ಮೆ ಅವನು ನನ್ನ ಕ್ಯಾಮೆರಾದ ಮುಂದೆ ಕೂತಿದ್ದ. ನಾನೇ ಗಂಟುಬಿದ್ದು ಕೂಡಿಸಿದ್ದೆ. ಕೂತವನು ಎಡಗಣ್ಣು ಮುಚ್ಚಿದ.

"ಗಂಗಣ್ಣ, ಎರಡೂ ಕಣ್ಣು ತೆಗಿ."

"ತೆಗದ್ರ ಅದು ನಾ ಅಲ್ಲ."

"ಎಲ್ಲಾರೂ ಎರಡು ಕಣ್ಣು ತೆಗದ ಕುಂದರ್ತಾರ."

"ನೀ ಫೋಟೋ ಹೊಡಿಯಾಗ ಒಂದ ಕಣ್ಣು ಮುಚ್ಚತಿ. ನಿನಗ ಯಾರರ ಏನರ ಅಂತಾರನ?" ಎಂದವನೇ ಎದ್ದು ಚಹಾಕ್ಕೆ ಹೋದ. ಆಮೇಲೆ ಎಷ್ಟು ಕರೆದರೂ ಕೂರಲಿಲ್ಲ. ನಾನೂ ನನ್ನ ಹಟ ಬಿಡಲಿಲ್ಲ.

ನುಡಿನಮನದ ಹಿಂದಿನ ಭಾನುವಾರ ಅವನ ಅಂಗಡಿಯಲ್ಲಿ ಸೇರಿದೆವು. ಫೋಟೋ ಇಲ್ಲದಿದ್ದರೆ ಅವನು ಬರೆದ ಗಾಜುಗಳನ್ನಾದರೂ ವೇದಿಕೆಯ ಮೇಲೆ ಇಡೋಣ ಎಂದು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಮಲ್ಲೇಶಪ್ಪ ತಮ್ಮ ತಂದೆಯ ಚಿತ್ರವನ್ನು ಟವೆಲಿನಲ್ಲಿ ಸುತ್ತಿ ತಂದಿದ್ದರು. ಅದನ್ನು ಬಿಚ್ಚುತ್ತಲೇ ನಗತೊಡಗಿದರು.

ತಂದೆ ತೀರಿಕೊಂಡಾಗ ಮಲ್ಲೇಶಪ್ಪ ಫೋಟೋ ಕೊಟ್ಟು, ಗಂಗಣ್ಣನ ಬೆನ್ನ ಹಿಂದೆಯೇ ಕುರ್ಚಿ ಹಾಕಿಕೊಂಡು ಕೂತಿದ್ದರಂತೆ. ತಂದೆಗೆ ಬಲಗೆನ್ನೆಯ ಮೇಲೆ ದೊಡ್ಡ ಮಚ್ಚೆ. ಗಂಗಣ್ಣ ಗಾಜಿನ ಹಿಂಬದಿಗೆ ಸರಿಯಾದ ಕಡೆಗೇ ಮಚ್ಚೆ ಇಟ್ಟಿದ್ದ. ಆದರೆ ಹಿಂದಿನಿಂದ ನೋಡುವವರಿಗೆ ಅದು ಇನ್ನೊಂದು ಕೆನ್ನೆ. ಮಲ್ಲೇಶಪ್ಪ ಒದರಿದರು: "ಮಚ್ಚಿ ತಪ್ಪೇತಿ! ನಮ್ಮಪ್ಪನ ಗಲ್ಲ ನನಗ ಗೊತ್ತಿಲ್ಲನು?"

"ಗಾಜು ತಿರುವಿದ್ರ ಸರಿಯಾಗ್ತೈತ್ರಿ."

"ತಿರುವೂದು ಗಿರುವೂದು ಬ್ಯಾಡ. ಈ ಕಡೆ ಹಚ್ಚು."

ಇವನೂ ಏನು ಕಡಿಮೆಯೇ, ಮಚ್ಚೆ ಒರೆಸಿ ಅವರು ಹೇಳಿದ ಕಡೆಗೇ ಹಚ್ಚಿದ. ಮನೆಯಲ್ಲಿ ಗಾಜು ತಿರುವಿ ಗೋಡೆಗೆ ಹಾಕಿದಾಗ ಮಚ್ಚೆ ಎಡಗೆನ್ನೆಯಲ್ಲಿ! ಬಳಗವೆಲ್ಲ ಮಲ್ಲೇಶಪ್ಪನ ಮೇಲೆ ತಿರುಗಿಬಿತ್ತು. ಆಗ ಅವರ ತಾಯಿ ಗಾಜಿನ ಮುಂದೆ ನಿಂತು, "ಸರಿ ಐತಿ, ಮುಟ್ಟಬ್ಯಾಡ್ರಿ. ದಿನಾ ಅವರು ಗಡ್ಡಾ ಮಾಡ್ಕೊಳ್ಳಾಗ ನಾ ಹಿಂದ ನಿಂತು ಕನ್ನಡ್ಯಾಗ ನೋಡ್ತಿದ್ದೆ. ಹಿಂಗ ಕಾಣ್ತಿದ್ರು" ಎಂದರಂತೆ. ಹೇಳುತ್ತ ಹೇಳುತ್ತ ಮಲ್ಲೇಶಪ್ಪನ ನಗು ನಿಂತಿತ್ತು. ಅವರು ಟವೆಲಿನಿಂದ ಗಾಜನ್ನು ಒರೆಸಿದರು.

ಚಹಾ ತಂದ ಶಾಂತವ್ವನೂ ಬಾಯಿ ಬಿಚ್ಚಿದಳು. "ಇವರು ನಮ್ಮೂರು ಗುತ್ತಲಕ್ಕ ನನ್ನ ನೋಡಾಕ ಬಂದಾಗ ಕಣ್ಣ ಹೊಡದ್ರು ಅಂತ ನಮ್ಮಪ್ಪ ಕೈಯಾಗ ಬಡಿಗಿ ತಗೊಂಡಿದ್ದ್ರಿ. ಇವರು ಕೈಮುಗದು, ಮಾವಾರ, ಮಾರಿ ಅಳತಿ ತಗೊಳ್ಳಾಕತ್ತಿದ್ದೆ ಅಂದ್ರು. ಅಳತಿ ಸರಿ ಬಂತನು ಅಂತ ಕೇಳಿದ ನಮ್ಮಪ್ಪ. ಸರಿ ಬಂತ್ರಿ ಅಂದ್ರು. ಅಷ್ಟರಾಗ ಲಗ್ನ ಮುಗೀತು."

ನಗುತ್ತಲೇ ನಾವು ಗೋಡೆಗೆ ಒರಗಿಸಿದ್ದ ಗಾಜುಗಳನ್ನು ಒಂದೊಂದಾಗಿ ತೆಗೆಯುತ್ತಿದ್ದೆವು. ಎಲ್ಲಕ್ಕಿಂತ ಹಿಂದೆ, ಹಳೆ ಪೇಪರಿನಲ್ಲಿ ಸುತ್ತಿದ ಒಂದು ಗಾಜು ಇತ್ತು. ಬಿಚ್ಚಿದರೆ ಮುಖದ ಬಣ್ಣವಿಲ್ಲ. ಹುಬ್ಬು, ಮೀಸೆ, ಒಂದು ಕಣ್ಣು, ಅಷ್ಟೇ. ಉಳಿದದ್ದೆಲ್ಲ ಬರೀ ಗಾಜು.

"ಅರ್ಧಕ್ಕ ಬಿಟ್ಟಾನ. ಇನ್ನೊಂದು ಕಣ್ಣು ಬರದೇ ಇಲ್ಲ" ಎಂದರು ಮಲ್ಲೇಶಪ್ಪ.

ಶಾಂತವ್ವ ಚಹಾದ ತಟ್ಟೆ ಕೆಳಗಿಟ್ಟು ಹತ್ತಿರ ಬಂದಳು. "ಬರದಾರ್ರಿ. ಮುಚ್ಚೇತಿ, ನೋಡ್ರಿ."

ಹೌದು. ರೆಪ್ಪೆಯ ಸಣ್ಣ ಗೆರೆ, ಅದರ ಕೊನೆಗೆ ಅವನದೇ ಎರಡು ಸುಕ್ಕು. ಕನ್ನಡಿ ನೋಡಿ ತನ್ನನ್ನು ತಾನೇ ಬರೆದುಕೊಂಡಿದ್ದ. ಕನ್ನಡಿ ಉಲ್ಟಾ ಮಾಡಿದ್ದನ್ನು ಗಾಜು ಮತ್ತೆ ತಿರುವಿ ಸರಿಮಾಡಿತ್ತು. ಮುಚ್ಚಿದ್ದು ಎಡಗಣ್ಣೇ. ನನ್ನ ಮುಂದೆ ಕೂರದವನು, ಗೋಡೆಯ ಆಚೆ ಯಾವಾಗ ತನ್ನ ಮುಂದೆ ತಾನೇ ಕೂತಿದ್ದನೋ ಗೊತ್ತಿಲ್ಲ. ನನಗೆ ಅಳು ಬಂತು, ಸಿಟ್ಟೂ ಬಂತು.

ಯಾರ ಕೈಲಾದರೂ ಮುಖಕ್ಕೆ ಬಣ್ಣ ತುಂಬಿಸೋಣ ಎಂದರು ಮಲ್ಲೇಶಪ್ಪ. ಶಾಂತವ್ವ ಒಪ್ಪಲಿಲ್ಲ. "ಬ್ಯಾಡ್ರಿ. ಅವರ ಬಣ್ಣ ನನಗ ಗೊತ್ತೈತಿ."

ನುಡಿನಮನದ ದಿನ ಗಾಜನ್ನು ಹಾಗೆಯೇ ಮೇಜಿನ ಮೇಲೆ ನಿಲ್ಲಿಸಿದೆವು. ಅದರ ಹಿಂದೆ ಕೂತಿದ್ದ ಅಧ್ಯಕ್ಷರ ನುಣ್ಣನೆ ಮುಖಕ್ಕೆ ಗಂಗಣ್ಣನ ಮೀಸೆ ಬಂದು, ಮುಂದಿನ ಸಾಲಿನವರು ಬಾಯಿಗೆ ಟವೆಲು ಅಡ್ಡ ಹಿಡಿದರು. ಶಾಂತವ್ವನೂ ಸೆರಗು ಹಿಡಿದಳು.

ಸಭೆ ಮುಗಿದ ಮೇಲೆ ಗಾಜಿನ ಮುಂದೆ ಮಂಡಿಯೂರಿ ಕ್ಯಾಮೆರಾ ಎತ್ತಿದೆ. ನನ್ನ ಎಡಗಣ್ಣು ತಾನಾಗಿ ಮುಚ್ಚಿಕೊಂಡಿತು. ಈ ಸಲ ನಾನು ಅವನಿಗೆ ಎರಡೂ ಕಣ್ಣು ತೆಗಿ ಎನ್ನಲಿಲ್ಲ.